ಪೋಸ್ಟರಲ್ಲಿ ಪ್ರಾಣಿ ಕಾಣುವ ಜಾಗದ ಮ್ಯಾಪ್ ಹಾಕ್ಬಹುದಾ?

ಉಡುಪಿ_ಹುಡುಗ:

ನಮಸ್ಕಾರ ಎಲ್ರಿಗೂ, ಒಂದು ವಿಷಯದಲ್ಲಿ ನಮ್ಮಲ್ಲೇ ಎರಡು ಪಾರ್ಟಿ ಆಗಿದೆ, ಅದಕ್ಕೆ ಇಲ್ಲಿ ಕೇಳುದು. ಈ ಸಲ ಚೌತಿಗೆ ನಮ್ಮ ಯುವಕ ಮಂಡಲದಿಂದ ಪೆಂಡಾಲಿನ ಪಕ್ಕ ನಮ್ಮ ಬದಿಯ ಕಾಡುಗಳ ಬಗ್ಗೆ ಬೋರ್ಡ್ ಮಾಡಿ ನಿಲ್ಲಿಸುವ ಅಂತ ಉಂಟು, ಅದನ್ನೇ ಸಣ್ಣ ಸಣ್ಣ ಪೋಸ್ಟರ್ ಮಾಡಿ ವಾಟ್ಸಾಪಲ್ಲೂ ಬಿಡುದು. ಸೋಮೇಶ್ವರ (ಉಳ್ಳಾಲದ್ದಲ್ಲ ಮಾರಾಯ್ರೆ, ಹೆಬ್ರಿ ಬದಿದು), ಕೊಲ್ಲೂರಿನ ಮೂಕಾಂಬಿಕಾ, ಮತ್ತೆ ಕುದುರೆಮುಖ, ಈ ಮೂರು ತಗೊಂಡಿದ್ದೇವೆ. ನಮ್ಮಲ್ಲಿ ಒಬ್ಬ ದೊಡ್ಡ ಮ್ಯಾಪ್ ಪ್ರಿಂಟ್ ತೆಗೆಸಿ ಯಾವ ತಿರುವಲ್ಲಿ ಸಿಂಗಳೀಕ ಕಾಣ್ತದೆ, ಮಂಗಟ್ಟೆ (ಹಾರ್ನ್‌ಬಿಲ್ ಹಕ್ಕಿ) ಗೂಡು ಎಲ್ಲಿ, ಕಾಳಿಂಗ ಎಲ್ಲಿ ಕಂಡದ್ದು, ಎಲ್ಲದಕ್ಕೂ ಪಿನ್ ಹೊಡೆದು ತಂದಿದ್ದಾನೆ, ನೋಡ್ಲಿಕ್ಕೆ ಗಮ್ಮತ್ತುಂಟು. ಇನ್ನೊಬ್ಬ ಅದನ್ನು ಹಾಕ್ಲೇಬಾರ್ದು ಅಂತ ಹಠ ಹಿಡ್ಕೊಂಡು ಕೂತಿದ್ದಾನೆ. ಜನ ಹೋಗಿ ಕಣ್ಣಾರೆ ನೋಡಿದ್ರೆ ಅಲ್ವಾ ಕಾಡು ಉಳೀಬೇಕು ಅಂತ ಅನ್ನಿಸುದು ಅಂತ ಮ್ಯಾಪಿನವನ ವಾದ. ನೀವೆಂತ ಹೇಳ್ತೀರಿ? ಮತ್ತೆ ಅಭಯಾರಣ್ಯ, ರಾಷ್ಟ್ರೀಯ ಉದ್ಯಾನ, ಇಕೋ ಸೆನ್ಸಿಟಿವ್ ಝೋನ್ ಇದಕ್ಕೆಲ್ಲ ವ್ಯತ್ಯಾಸ ಎಂತ ಅಂತ ಯಾರಾದ್ರೂ ಸರಿಯಾಗಿ ಹೇಳಿದ್ರೆ ಉಪಕಾರ, ಗೂಗಲ್ ಮಾಡಿದ್ರೆ ತಲೆ ಹಾಳಾಗ್ತದೆ.

ಹಕ್ಕಿ_ಮಂಗಳೂರು:

ಹಾಕ್ಬೇಡಿ. ಹಠ ಹಿಡಿದ ಆ ಹುಡುಗನಿಗೆ ಒಂದು ಚಾ ಕೊಡ್ಸಿ ನನ್ನ ಲೆಕ್ಕದಲ್ಲಿ.

ಮಂಗಟ್ಟೆ ಗೂಡನ್ನೇ ತಗೊಳ್ಳಿ. ಹೆಣ್ಣು ಮರದ ಪೊಟರೆ ಒಳಗೆ ಕೂತು ಪೊಟರೆಯ ಬಾಯಿಯನ್ನು ಮುಚ್ಚಿಕೊಳ್ತದೆ, ಕೊಕ್ಕು ಹೊರಗೆ ಬರುವಷ್ಟು ಸೀಳು ಮಾತ್ರ ಬಿಡುದು. ಗಂಡು ಹಣ್ಣು ತಂದು ಆ ಸೀಳಿನಲ್ಲಿ ಒಂದೊಂದೇ ಕೊಡ್ಬೇಕು, ಹೆಣ್ಣಿಗೂ ಮರಿಗೂ ಅದೇ ಊಟ. ಕೆಳಗೆ ನಾಲ್ಕು ಜನ ಕ್ಯಾಮರಾ ಹಿಡಿದು ನಿಂತ್ರೆ ಗಂಡು ಹತ್ರ ಬರುದಿಲ್ಲ, ದೂರದ ಕೊಂಬೆಯಲ್ಲಿ ಕೂತು ಕಾಯ್ತದೆ, ಒಳಗಿದ್ದವು ಹಸಿದುಕೊಂಡಿರ್ತವೆ. ನಿಂತವರು ಕೆಟ್ಟವರು ಅಂತ ಅಲ್ಲ, ಅವರಿಗೆ ಅದು ಗೊತ್ತೇ ಇರುದಿಲ್ಲ. ಹಾಗೆಯೇ ಕಾಳಿಂಗ, ಎಲೆ ಒಟ್ಟು ಮಾಡಿ ಗೂಡು ಕಟ್ಟುವ ಹಾವು ಅದೊಂದೇ, ಹೆಣ್ಣು ಮೊಟ್ಟೆ ಕಾಯ್ತಾ ಇರ್ತದೆ, ಗಲಾಟೆ ಜಾಸ್ತಿ ಆದ್ರೆ ಬಿಟ್ಟು ಹೋಗ್ತದೆ. ಇನ್ನು ಕಾಡುಪಾಪ, ಚಿಪ್ಪುಹಂದಿ ಇವನ್ನೆಲ್ಲ ಹಿಡಿದು ಮಾರುವವರಿದ್ದಾರೆ, ಅವರಿಗೆ ನಿಮ್ಮ ಮ್ಯಾಪ್ ಸಿಕ್ಕಿದ್ರೆ ಹುಡುಕುವ ಕೆಲ್ಸವೇ ಇಲ್ಲ.

ದೊಡ್ಡ ದೊಡ್ಡ ವೆಬ್‌ಸೈಟಿನವರೇ ಜಾಗ ಅಡಗಿಸ್ತಾರೆ. ಐನ್ಯಾಚುರಲಿಸ್ಟಲ್ಲಿ (ಜನ ಕಂಡ ಪ್ರಾಣಿ, ಗಿಡಗಳ ಫೋಟೋ ದಾಖಲಿಸುವ ವೆಬ್‌ಸೈಟ್) ಅಳಿವಿನಂಚಿನ ಪ್ರಾಣಿದು ಫೋಟೋ ಹಾಕಿದ್ರೆ ಪಿನ್ ಸರಿಯಾದ ಜಾಗದಲ್ಲಿ ತೋರ್ಸುದಿಲ್ಲ, ಸುಮಾರು 20 ಕಿ.ಮೀ. ಅಗಲದ ಚೌಕದೊಳಗೆ ಎಲ್ಲೋ ಒಂದು ಕಡೆ ಹಾಕ್ತದೆ. ಈಬರ್ಡ್ ಕೂಡ ಸೂಕ್ಷ್ಮ ಹಕ್ಕಿಗಳದ್ದು ಜಾಗ ಮರೆಮಾಚ್ತದೆ. ಸಂಶೋಧನೆಗೆ ಬೇಕಾದವರಿಗೆ ಮಾಹಿತಿ ಇರ್ತದೆ, ದಾರಿಹೋಕರಿಗೆ ಸಿಗುದಿಲ್ಲ. ಇನ್ನೊಂದು, ವಾಟ್ಸಾಪಲ್ಲಿ ಫೋಟೋ ಮಾಮೂಲಿ ಕಳ್ಸಿದ್ರೆ ಲೊಕೇಶನ್ ಅಳಿಸಿ ಹೋಗ್ತದೆ, ಆದ್ರೆ ಕ್ಲಾರಿಟಿ ಬೇಕು ಅಂತ ಡಾಕ್ಯುಮೆಂಟ್ ಮಾಡಿ ಕಳಿಸ್ತಾರಲ್ಲ, ಅದ್ರಲ್ಲಿ ಜಿಪಿಎಸ್ ಹಾಗೇ ಹೋಗ್ತದೆ, ಪೋಸ್ಟರಿಗೆ ಫೋಟೋ ತರ್ಸುವಾಗ ನೋಡ್ಕೊಳ್ಳಿ.

"ಸೋಮೇಶ್ವರ ಅಭಯಾರಣ್ಯದಲ್ಲಿ ಸಿಂಗಳೀಕ ಉಂಟು" ಅಂದ್ರೆ ಸಾಕು. ಯಾವ ತಿರುವು ಅಂತ ಎಂತಕ್ಕೆ? ಆ ತಿರುವಿನಲ್ಲಿ ಕಾರ್ ನಿಲ್ಸಿ ಚಿಪ್ಸ್ ಬಿಸಾಡುವವರು ಆಗ್ಲೇ ಬೇಕಾದಷ್ಟಿದ್ದಾರೆ. ಮರದ ಮೇಲೆಯೇ ಬದುಕುವ ಪ್ರಾಣಿ ಅದು, ಪಶ್ಚಿಮ ಘಟ್ಟ ಬಿಟ್ರೆ ಪ್ರಪಂಚದಲ್ಲಿ ಬೇರೆಲ್ಲೂ ಇಲ್ಲ, ಅದನ್ನು ಡಾಮರು ರೋಡಿಗೆ ಇಳಿಸ್ಬಾರ್ದು.

ಹೆಬ್ರಿ_ಕೃಷಿಕ:

ವ್ಯತ್ಯಾಸ ನಾನು ಹೇಳ್ತೇನೆ, ಅಭಯಾರಣ್ಯದ ಅಂಚಲ್ಲೇ ತೋಟ ನಮ್ದು.

ಅಭಯಾರಣ್ಯ, ರಾಷ್ಟ್ರೀಯ ಉದ್ಯಾನ ಎರಡೂ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಡಿ ಬರುದು. ರಾಷ್ಟ್ರೀಯ ಉದ್ಯಾನ ಜಾಸ್ತಿ ಬಿಗಿ, ಒಳಗೆ ದನ ಮೇಯ್ಸುವ ಹಾಗಿಲ್ಲ, ಖಾಸಗಿಯವರ ಹಕ್ಕನ್ನೆಲ್ಲ ಇತ್ಯರ್ಥ ಮಾಡಿದ ಮೇಲೆಯೇ ಅಂತಿಮ ಘೋಷಣೆ. ಅಭಯಾರಣ್ಯದಲ್ಲಿ ಕೆಲವು ಹಕ್ಕುಗಳನ್ನು ಮುಂದುವರಿಸ್ಲಿಕ್ಕೆ ಅವಕಾಶ ಉಂಟು, ಹಾಗಾಗಿ ಒಳಗೂ ಅಂಚಲ್ಲೂ ಮನೆ, ಗದ್ದೆ ಎಲ್ಲ ಇರ್ತದೆ. ಬೆಂಕಿ ಹಾಕುದು, ಕೋವಿ ಹಿಡ್ಕೊಂಡು ಹೋಗುದು ಎರಡರಲ್ಲೂ ಇಲ್ಲ. ಇಕೋ ಸೆನ್ಸಿಟಿವ್ ಝೋನ್ ಬೇರೆಯೇ ಕಾನೂನು, 1986ರ ಪರಿಸರ ಸಂರಕ್ಷಣಾ ಕಾಯ್ದೆದು, ಅಭಯಾರಣ್ಯದ ಸುತ್ತ ಒಂದು ಪಟ್ಟಿ ಇದ್ದ ಹಾಗೆ, ಅಲ್ಲಿ ಮುಖ್ಯವಾಗಿ ಗಣಿ, ಕಲ್ಲುಕೋರೆ, ಮಾಲಿನ್ಯ ಮಾಡುವ ಫ್ಯಾಕ್ಟರಿ ಇಂಥದ್ದಕ್ಕೆ ತಡೆ. ತೋಟ ಮಾಡ್ಲಿಕ್ಕೆ ಬಿಡುದಿಲ್ಲ ಅಂತ ಎಲ್ಲೂ ಇಲ್ಲ.

ಇದನ್ನು ದೊಡ್ಡ ಅಕ್ಷರದಲ್ಲಿ ಹಾಕಿ ನೋಡುವ. ಸೋಮೇಶ್ವರ 1974ರಲ್ಲಿ ಆಗುವಾಗ 88 ಚದರ ಕಿ.ಮೀ. ಇದ್ದದ್ದು, 2011ರಲ್ಲಿ 314ಕ್ಕೆ ಹೋಯ್ತು, ಮೂಕಾಂಬಿಕಾ ಕೂಡ ಆಗ್ಲೇ 247 ಇದ್ದದ್ದು 370 ಆದದ್ದು. ಆವಾಗಿಂದ ಝೋನ್ ಅಂತ ಸುದ್ದಿ ಬಂದಾಗೆಲ್ಲ "ನಾಳೆ ಒಕ್ಕಲೆಬ್ಬಿಸ್ತಾರೆ" ಅಂತ ಒಂದು ಫಾರ್ವರ್ಡ್ ಬರ್ತದೆ, ಯಾರು ಬರೆದದ್ದು ಗೊತ್ತಿಲ್ಲ, ಯಾವ ಸರ್ವೆ ನಂಬರ್ ಅಂತ ಇಲ್ಲ. ಅದನ್ನು ಓದಿದ ನಮ್ಮವರಿಗೆ ಕಾಡು ಅಂದ್ರೆ ಸಿಟ್ಟು ಬಾರದೆ ಮತ್ತೆಂತ ಬರ್ಬೇಕು?

ಮತ್ತೆ ನೀವು ಬೋರ್ಡಲ್ಲಿ ಹುಲಿ ಚಿತ್ರ ಹಾಕಿ "ಕಾಡು ಉಳಿಸಿ" ಅಂತ ಬರೀತೀರಿ ಅಂತ ನಂಗೆ ಗ್ಯಾರಂಟಿ. ನಮ್ಮಲ್ಲಿ ರಾತ್ರಿ ಕಾಟಿ (ಕಾಡುಕೋಣ) ಬಂದು ಹೋದ್ರೆ ಬೆಳಿಗ್ಗೆ ಕಟ್ಟಪುಣಿ (ಬದು) ಮಣ್ಣು ತೋಡಿಗೆ ಜರಿದಿರ್ತದೆ, ಅಡಿಕೆ ಸಸಿ ಬುಡಕ್ಕೇ ಮುರಿದು ಅಡ್ಡ ಬಿದ್ದಿರ್ತದೆ, ಪೈಪ್ ಜಾಯಿಂಟ್ ಬಿಟ್ಟು ನೀರು ಹರೀತಾ ಇರ್ತದೆ. ಬೆಳೆಹಾನಿಗೆ ಪರಿಹಾರ ಉಂಟು, ಕೂಡ್ಲೇ ಫೋಟೋ ತೆಗ್ದು ವಲಯ ಅರಣ್ಯ ಕಚೇರಿಗೆ ತಿಳಿಸಿ ಅರ್ಜಿ ಕೊಡ್ಬೇಕು, ಮುರಿದ ಸಸಿ ಕ್ಲೀನ್ ಮಾಡಿದ ಮೇಲೆ ಹೋದ್ರೆ ಯಾರೂ ನೋಡ್ಲಿಕ್ಕಿಲ್ಲ. ಸಿಗುವ ದುಡ್ಡು ನಷ್ಟಕ್ಕೆ ಸಾಲುದಿಲ್ಲ, ಅದು ಬೇರೆ ಮಾತು. ಆದ್ರೆ ಇಷ್ಟನ್ನು ಪೋಸ್ಟರಲ್ಲಿ ಹಾಕಿದವರನ್ನು ನಾನು ಇವತ್ತಿನವರೆಗೆ ಕಾಣ್ಲಿಲ್ಲ.

ಕೋಡಿ_ಕಡ್ಲು:

ಹೋಯ್, ಕಾಡಿನ ಸುದ್ದಿಯೇ ಆಯ್ತಲ್ದಾ, ನಮ್ ಕಡ್ಲ್ ಎಲ್ಲಿಗ್ ಹೋಯ್ತ್? ಎಲ್ಲರಿಗೂ ಅರ್ಥ ಆಗ್ಲಿ ಅಂತ ಸಾದಾ ಕನ್ನಡದಲ್ಲೇ ಬರೀತೇನೆ.

ಕುಂದಾಪುರ ಕೋಡಿ ಬದಿಯಲ್ಲಿ ಕಡಲಾಮೆ ಮೊಟ್ಟೆ ಇಡ್ಲಿಕ್ಕೆ ಬರ್ತದೆ, ಆಲಿವ್ ರಿಡ್ಲಿ ಅಂತ ಹೇಳ್ತಾರಲ್ಲ ಅದು. ಸಸಿಹಿತ್ಲು ಬದಿಯಲ್ಲೂ ಬಂದದ್ದುಂಟು. ಇಲ್ಲಿ ಯಾವ ಅಭಯಾರಣ್ಯದ ಬೋರ್ಡೂ ಇಲ್ಲ, ಆದ್ರೂ ಆಮೆ ವನ್ಯಜೀವಿ ಕಾಯ್ದೆಯ ಒಂದನೇ ಶೆಡ್ಯೂಲಲ್ಲಿ ಉಂಟು, ಅಂದ್ರೆ ಅದು ಎಲ್ಲಿದ್ರೂ ಹುಲಿಗೆ ಇರುವ ರಕ್ಷಣೆಯೇ ಇದಕ್ಕೂ. ಮೊಟ್ಟೆ ತೆಗೆದ್ರೆ ಕಮ್ಮಿ ಅಂದ್ರೂ 3 ವರ್ಷ ಜೈಲು, 7 ವರ್ಷದವರೆಗೆ ಹೋಗ್ಬಹುದು. ಕಾಡಿನ ಗಡಿ ದಾಟಿದ್ರೆ ಕಾನೂನು ಮುಗೀತು ಅಂತ ತುಂಬ ಜನ ತಿಳ್ಕೊಂಡಿದ್ದಾರೆ, ಅದನ್ನು ಬೇಕಾದ್ರೆ ಬರೀರಿ.

ಬೆಳಿಗ್ಗೆ ಬೇಗ ದಡದಲ್ಲಿ ಹೋದ್ರೆ ಟ್ರ್ಯಾಕ್ಟರ್ ಗಾಲಿ ಹೋದ ಹಾಗೆ ಹೊಯಿಗೆಯಲ್ಲಿ ಗುರುತು ಇರ್ತದೆ, ನೀರಿಂದ ಮೇಲೆ ಒಂದು ಗೆರೆ, ವಾಪಸ್ ಒಂದು ಗೆರೆ, ಮಧ್ಯ ಕೆದರಿದ ಜಾಗ. ಅಲ್ಲಿ ನೂರರ ಹತ್ರ ಮೊಟ್ಟೆ ಇರ್ತದೆ, ಮರಿ ಆಗ್ಲಿಕ್ಕೆ 45ರಿಂದ 60 ದಿನ. ಅರಣ್ಯ ಇಲಾಖೆಯವರು ಬಂದು ಸುತ್ತ ಬಲೆ ಕಟ್ತಾರೆ, ಊರಿನ ಮೀನುಗಾರರೇ ಕಾಯುದೂ ಉಂಟು. ಯಾರೋ ಒಬ್ರು ಲೈವ್ ಲೊಕೇಶನ್ ಹಾಕಿದ್ರೆ ಮುಗೀತು, ರಾತ್ರಿ ಜನ ಮೊಬೈಲ್ ಟಾರ್ಚ್ ಹಿಡ್ಕೊಂಡು ಬರ್ತಾರೆ, ಮರಿಗಳು ಬೆಳಕು ಎಲ್ಲಿ ಉಂಟೋ ಆಚೆ ಹೋಗುದು, ಕಡ್ಲಿಗೆ ಬೆನ್ನು ಹಾಕಿ ರೋಡಿಗೆ ಬರ್ತವೆ, ಅಲ್ಲಿ ನಾಯಿ. ಮೊಟ್ಟೆ ಇಟ್ಟ ಸುದ್ದಿ ಇಲಾಖೆಗೆ ಹೇಳಿ, ವಾಟ್ಸಾಪಿಗೆ ಮರಿ ಕಡ್ಲಿಗೆ ಹೋದ ಮೇಲೆ ಹಾಕಿ, ಆಗ ಬೇಕಾದಷ್ಟು ಲೈಕ್ ತಗೊಳ್ಳಿ.

ಕಾವೂರು_ರಿಟೈರ್ಡ್:

ಕುದುರೆಮುಖದ ಬೋರ್ಡಿನಲ್ಲಿ ಬರೇ ಟ್ರೆಕ್ಕಿಂಗ್ ಫೋಟೋ ಹಾಕ್ಬೇಡಿ ಮಕ್ಕಳೇ, ನಾನು ಗಣಿ ಕೆಲ್ಸದಲ್ಲಿ ಅಲ್ಲೇ ಇದ್ದವ. ಅಲ್ಲಿ ತೆಗೆದ ಕಬ್ಬಿಣದ ಅದಿರು ನೀರಲ್ಲಿ ಕಲಸಿ ಪೈಪಲ್ಲಿ ಘಟ್ಟ ಇಳಿದು ಮಂಗಳೂರಿನ ಪಣಂಬೂರಿಗೇ ಬರ್ತಿತ್ತು, ಈಗಿನ ಹುಡುಗರಿಗೆ ಹೇಳಿದ್ರೆ ನಂಬುದಿಲ್ಲ. 1987ರಲ್ಲಿ ರಾಷ್ಟ್ರೀಯ ಉದ್ಯಾನ ಅಂತ ಆದದ್ದು, 600 ಚದರ ಕಿ.ಮೀ. ಹತ್ರ, ಆದ್ರೂ ಗಣಿ ನಡೀತಾನೇ ಇತ್ತು. 2002ರಲ್ಲಿ ಸುಪ್ರೀಂ ಕೋರ್ಟ್ ಆರ್ಡರ್ ಬಂತು, 2005ರ ಕೊನೆಗೆ ನಿಂತಿತು. ನಮಗೆಲ್ಲ ಕೆಲ್ಸದ ಚಿಂತೆ, ಆಗ ನಾನೂ ಕೋರ್ಟಿಗೆ ಹೋದವರನ್ನು ಬೈದವನೇ. ಆದ್ರೆ ತುಂಗೆ, ಭದ್ರೆ, ನೇತ್ರಾವತಿ ಮೂರೂ ಹುಟ್ಟುದು ಆ ಬೆಟ್ಟಗಳಲ್ಲೇ, ನೇತ್ರಾವತಿ ತುಂಬೆ ಡ್ಯಾಮಿಗೆ ಬರ್ತದೆ, ತುಂಬೆಯಿಂದ ನಮ್ಮ ನಳ್ಳಿಗೆ. ಮೇಲೆ ಹುಲ್ಲು, ಶೋಲಾ ಕಾಡು (ಗುಡ್ಡದ ಕಣಿವೆಗಳಲ್ಲಿರುವ ದಟ್ಟ ಕಾಡು) ಹಿಡಿದಿಟ್ಟ ಮಳೆನೀರು ಬೇಸಿಗೆಯಲ್ಲಿ ನಿಧಾನ ಇಳೀತದೆ, ಅದ್ರಿಂದ್ಲೇ ಹೊಳೆ. ಬೋಳು ಗುಡ್ಡ ಅಂತ ಯಾರಾದ್ರೂ ಅಂದ್ರೆ ತಿದ್ದಿ, ಆ ಹುಲ್ಲುಗಾವಲು ಬೋಳಲ್ಲ, ಅದಿರುದೇ ಹಾಗೆ. ಸಿಗರೇಟ್ ತುಂಡು ಒಂದು ಸಾಕು, ಮಾರ್ಚಲ್ಲಿ ಇಡೀ ಗುಡ್ಡ ಹೊತ್ತಿಕೊಳ್ತದೆ.

ಎಸ್.ಕೆ. ಬಾರ್ಡರಲ್ಲಿ (ಕುದುರೆಮುಖ ರೋಡಿನ ಚೆಕ್‌ಪೋಸ್ಟ್) ಟೈಮ್ ಬರೆದು ಚೀಟಿ ಕೊಡ್ತಾರಲ್ಲ, ಅದ್ಯಾಕೆ ಅಂತನೂ ಹಾಕಿ, ಮಧ್ಯ ಗಾಡಿ ನಿಲ್ಸಿ ಕುಡಿಯುವವರಿಗೆ, ಊಟ ಕಟ್ಟಿಕೊಂಡು ಬಂದು ಪ್ಲಾಸ್ಟಿಕ್ ಬಿಟ್ಟು ಹೋಗುವವರಿಗೆ ಅದು.

ಉಡುಪಿ_ಹುಡುಗ:

ಎಲ್ರಿಗೂ ಥ್ಯಾಂಕ್ಸ್. ಇದನ್ನೆಲ್ಲ ಮ್ಯಾಪಿನವನಿಗೆ ತೋರ್ಸಿದೆ, ಮಂಗಟ್ಟೆದು ಓದಿ ಸ್ವಲ್ಪ ಮೆತ್ತಗಾದ, ಆದ್ರೂ ಪ್ರಿಂಟಿನ ದುಡ್ಡು ವೇಸ್ಟ್ ಆಯ್ತು ಅಂತ ಗೊಣಗ್ತಾ ಇದ್ದಾನೆ. ಅದೇ ಮ್ಯಾಪಲ್ಲಿ ಪಿನ್ ತೆಗ್ದು ಹೊಳೆಗಳ ಗೆರೆ ಹಾಕುವ ಅಂತ ಆಗಿದೆ: ನೇತ್ರಾವತಿ ತುಂಬೆಗೆ, ಸ್ವರ್ಣೆ ಬಜೆ ಡ್ಯಾಮಿಗೆ, ಸೀತಾನದಿ ಸೋಮೇಶ್ವರದಿಂದ. ಉಡುಪಿಯವರಿಗೆ ಬಜೆ ನೀರು ಅಂದ್ರೆ ಕೂಡ್ಲೇ ಕಿವಿ ನೆಟ್ಟಗಾಗ್ತದೆ, ಏಪ್ರಿಲ್ ಮೇಯಲ್ಲಿ ಟ್ಯಾಂಕರ್ ಕಾದವರು. ಹೆಬ್ರಿ ಅಣ್ಣ ಹೇಳಿದ ಝೋನ್ ವಿಷಯಕ್ಕೆ ಬೇರೆಯೇ ಒಂದು ಬೋರ್ಡ್. ಹುಲಿ ಚಿತ್ರ ಇರುದಿಲ್ಲ, ಪ್ರಾಮಿಸ್. ಯಾರ ಹತ್ರ ಆದ್ರೂ ಸಿಂಗಳೀಕದ ಒಳ್ಳೆ ಫೋಟೋ ಇದ್ರೆ ಕಳ್ಸಿ, ಜಾಗ ಹೇಳುದು ಬೇಡ, ಡಾಕ್ಯುಮೆಂಟ್ ಮಾಡಿಯೂ ಬೇಡ.

ಹೆಬ್ರಿ_ಕೃಷಿಕ:

ಆ ಬೋರ್ಡಿನ ಕೆಳಗೆ ಅರಣ್ಯ ಇಲಾಖೆಯ 1926 ನಂಬರ್ ಹಾಕಿ. ಮನೆಗೆ ಹಾವು ಬಂದ್ರೂ, ಗುಡ್ಡೆಗೆ ಬೆಂಕಿ ಬಿದ್ರೂ ಅದಕ್ಕೇ ಫೋನ್ ಮಾಡುದು. ಮತ್ತೆ ಕಾಟಿದು ಒಂದು ಚಿತ್ರ ಬೇಕೇ ಬೇಕು, 2020ರ ಲಾಕ್‌ಡೌನಲ್ಲಿ ಮಂಗಳೂರು ಪೇಟೆಗೇ ಬಂದ ಗಿರಾಕಿ ಅದು, ಪೇಟೆಯವರಿಗೂ ಪರಿಚಯ ಉಂಟು.