ಸಿಂಗಾಪುರದ ಎಚ್‌ಡಿಬಿ ಮನೆ: ಹಿಂದೂ, ಮುಸ್ಲಿಂ ಲೆಕ್ಕ ಹೇಗೆ?

ಪ್ರಶ್ನೆ: ಎಚ್‌ಡಿಬಿ (ಸಿಂಗಾಪುರದ ಸರ್ಕಾರಿ ವಸತಿ ಮಂಡಳಿ) ಮರುಮಾರಾಟದ ಫ್ಲ್ಯಾಟ್‌ಗೆ ಬ್ಲಾಕುವಾರು ಕೋಟಾ ಇದೆಯಂತೆ. ಅದು ಧರ್ಮ ನೋಡಿಯೋ, ಭಾಷೆ ನೋಡಿಯೋ? ಧಾರವಾಡದ ಹಿಂದೂ ಕುಟುಂಬ, ಭಟ್ಕಳದ ಮುಸ್ಲಿಂ ಕುಟುಂಬ ಒಂದೇ ಲೆಕ್ಕಕ್ಕೆ ಬರುತ್ತವೆಯೇ? ಗುಡಿ, ಮಸೀದಿ ಹತ್ತಿರ ನಮ್ಮವರೇ ಒಟ್ಟಿಗೆ ಮನೆ ಮಾಡಬಹುದೇ?

ಉತ್ತರ 1: ಎರಡೂ ಅಲ್ಲ. ಗುರುತಿನ ಚೀಟಿಯಲ್ಲಿರುವ ಜನಾಂಗವಷ್ಟೇ ಲೆಕ್ಕ. 1989ರಿಂದ ಇದೇ ಪದ್ಧತಿ. ಬ್ಲಾಕಿನಲ್ಲಿ ಗರಿಷ್ಠ ಮಿತಿ ಚೀನೀಯರಿಗೆ 87%, ಮಲಯರಿಗೆ 25%, ಭಾರತೀಯರು ಮತ್ತು ಇತರರಿಗೆ 15%. ಸುತ್ತಲಿನ ಬಡಾವಣೆಗೆ ಕ್ರಮವಾಗಿ 84, 22, 12. ಹಾಗಾಗಿ ನೀವು ಹೇಳಿದ ಎರಡು ಕುಟುಂಬಗಳೂ ಆ 15ರಲ್ಲೇ ಪಾಲುದಾರರು. ಭಟ್ಕಳದವರು ಮಲಯ ಮುಸ್ಲಿಮರ ಲೆಕ್ಕಕ್ಕೆ ಬರುವುದಿಲ್ಲ. ಮನೆಯವರೆಲ್ಲ ಪಿಆರ್ (ಕಾಯಂ ನಿವಾಸಿಗಳು) ಆಗಿದ್ದರೆ ಇನ್ನೊಂದು ಮಿತಿಯೂ ಉಂಟು: ಬ್ಲಾಕಿಗೆ 8%, ಬಡಾವಣೆಗೆ 5%. ಮಲೇಷ್ಯಾದವರಿಗೆ ಮಾತ್ರ ಇದು ಅನ್ವಯಿಸದು. ಎರಡು ಕೋಟಾದಲ್ಲೂ ಜಾಗ ಇರಬೇಕು, ಪಿಆರ್ ಸಿಕ್ಕು 3 ವರ್ಷ ಆಗಿರಬೇಕು.

ಉತ್ತರ 2: ಜನ ಎಡವುವುದು ತಾರೀಖಿನಲ್ಲಿ. ಕೋಟಾದ ಅಂಕಿ ಪ್ರತಿ ತಿಂಗಳ 1ರಂದು ಬದಲಾಗುತ್ತದೆ. ಎಚ್‌ಡಿಬಿ ತಾಣದಲ್ಲಿ ಬ್ಲಾಕ್ ನಂಬರ್ ಹಾಕಿ ನೋಡಿದ ಮೇಲೆಯೇ ಆಪ್ಷನ್ ಹಣ (ಮನೆ ಕಾಯ್ದಿರಿಸುವ ಮುಂಗಡ) ಕೊಡಿ. ಅರ್ಜಿ ಹಾಕುವ ಮುಂಚೆ ಇನ್ನೊಮ್ಮೆ ನೋಡಿ. ಭಾರತೀಯರ ಪಾಲು ತುಂಬಿದ್ದರೂ, ಮಾರುವವರು ಭಾರತೀಯರೇ ಆಗಿದ್ದರೆ ನೀವು ಕೊಳ್ಳಬಹುದು, ಏಕೆಂದರೆ ಎಣಿಕೆ ಏರುವುದಿಲ್ಲ.

ಕೊಳ್ಳುವಾಗಲೇ ಮಾರುವ ದಿನವನ್ನೂ ಯೋಚಿಸಿ. ಚೀನೀಯರ ಕೋಟಾ ತುಂಬಿದ ಬ್ಲಾಕಿನಲ್ಲಿ ಭಾರತೀಯರಾಗಲಿ ಮಲಯರಾಗಲಿ ತಮ್ಮ ಮನೆಯನ್ನು ಚೀನೀಯರಿಗೆ ಮಾರುವಂತಿಲ್ಲ. ಗಿರಾಕಿ ಕಡಿಮೆ, ಬೆಲೆಯೂ ಇಳಿಯುತ್ತದೆ. ಇದರ ಹೊರೆ ಅಲ್ಪಸಂಖ್ಯಾತರ ಮೇಲೇ ಹೆಚ್ಚು ಬೀಳುವುದು ಅನ್ಯಾಯ ಎಂದೇ ನನ್ನ ಅಭಿಪ್ರಾಯ. ಹೀಗೆ ಸಿಕ್ಕಿಕೊಂಡವರು ಷರತ್ತು ಪೂರೈಸಿದರೆ ಎಚ್‌ಡಿಬಿಯೇ ಮನೆ ಕೊಳ್ಳುವ ವ್ಯವಸ್ಥೆ 2022ರಲ್ಲಿ ಬಂತು.

ಉತ್ತರ 3: "ನಮ್ಮವರೇ ಒಟ್ಟಿಗೆ" ಅನ್ನುವುದು ಎಚ್‌ಡಿಬಿಯಲ್ಲಿ ಆಗದ ಮಾತು. ಬಳಗ ಸೇರುವುದು ಬೇರೆ ಕಡೆ. ಸೌತ್ ಬ್ರಿಡ್ಜ್ ರಸ್ತೆಯಲ್ಲಿ 1827ರ ಶ್ರೀ ಮಾರಿಯಮ್ಮನ್ ಗುಡಿಯ ಹತ್ತಿರದಲ್ಲೇ ಜಾಮೆ ಚುಲಿಯಾ ಮಸೀದಿ ಇದೆ. ಅಲ್ಲಿ ತಮಿಳಿನಲ್ಲಿ ಖುತ್ಬಾ (ನಮಾಜಿನ ಪ್ರವಚನ) ನಡೆಯುತ್ತದೆ. ಕೊಂಡ ಹಾಯುವ ತೀಮಿದಿಯ ದಿನ ಸೆರಂಗೂನ್ ರಸ್ತೆಯ ಪೆರುಮಾಳ್ ಗುಡಿಯಿಂದ ಈ ಮಾರಿಯಮ್ಮನ ತನಕ ಸುಮಾರು 4 ಕಿ.ಮೀ. ಮೆರವಣಿಗೆ.

ಬ್ಲಾಕಿನೊಳಗೆ ಎಲ್ಲರಿಗೂ ಸೇರಿದ್ದು ವಾಯ್ಡ್ ಡೆಕ್, ಅಂದರೆ ಕೆಳಗಿನ ಖಾಲಿ ಅಂತಸ್ತು. ಸಾವಿನ ಮನೆಯ ಕಾರ್ಯವೂ ಮಲಯರ ಮದುವೆಯೂ ಅಲ್ಲೇ. ಟೌನ್ ಕೌನ್ಸಿಲ್‌ನ ಅನುಮತಿ ಮೊದಲು ಪಡೆಯಿರಿ, ಆಮೇಲೆ ಶಾಮಿಯಾನ ಗೊತ್ತುಮಾಡಿ.

ದೀಪಾವಳಿಗೆ ಮಲಯ ನೆರೆಯವರಿಗೆ ಮುಯಿಸ್ (ಅಲ್ಲಿನ ಇಸ್ಲಾಮಿಕ್ ಧಾರ್ಮಿಕ ಮಂಡಳಿ) ಹಲಾಲ್ ಮುದ್ರೆಯಿರುವ, ಒಡೆಯದ ಪೊಟ್ಟಣ ಕೊಡಿ. ಮನೆಯಲ್ಲಿ ಮಾಡಿದ ಹೋಳಿಗೆ ಸಸ್ಯಾಹಾರವೇ ಆದರೂ ಪಾತ್ರೆಯ ವಿಚಾರದಲ್ಲಿ ಕೆಲವರು ಹಿಂಜರಿಯುತ್ತಾರೆ. ಕೇಳಿ ಕೊಟ್ಟರೆ ಅವರಿಗೂ ಮುಜುಗರವಿಲ್ಲ.