ಪಶುವೈದ್ಯರನ್ನು ಕೇಳಿ: ಪುಟ್ಟ ತಳಿಯ ಮರಿಗಳನ್ನು ಹೊಸ ಮನೆಗೆ ಕಳಿಸುವಾಗ

ಪ್ರಶ್ನೆ (ಹಾಸನದ ಸದಸ್ಯೆ): ನಮಸ್ಕಾರ ಡಾಕ್ಟರೇ. ನಮ್ಮ ಪೊಮೇರಿಯನ್ ನಾಲ್ಕು ಮರಿ ಹಾಕಿ ಮೂರೂವರೆ ವಾರವಾಯಿತು. ಎರಡು ಮರಿಗಳನ್ನು ಬೆಂಗಳೂರಿನಲ್ಲಿರುವ ನನ್ನ ನಾದಿನಿಗೂ, ಒಂದನ್ನು ಅರಸೀಕೆರೆಯ ಪರಿಚಿತರಿಗೂ ಕೊಡುವುದೆಂದು ಮಾತಾಗಿದೆ. ಮರಿಗಳು ಮನೆಯೆಲ್ಲ ಓಡಾಡುತ್ತವೆ, ತಟ್ಟೆಯಲ್ಲಿಟ್ಟ ಹಾಲನ್ನು ನೆಕ್ಕುತ್ತವೆ. ತಿಂಗಳು ತುಂಬಿದೊಡನೆ ಕೊಂಡೊಯ್ದರೆ ಹೊಸಬರಿಗೆ ಬೇಗ ಒಗ್ಗಿಕೊಳ್ಳುತ್ತವೆ ಎಂದು ನಾದಿನಿ ಹೇಳುತ್ತಾಳೆ. ಇದು ಸರಿಯೇ? ಬಾಣಂತಿ ನಾಯಿಗೆ ಕ್ಯಾಲ್ಸಿಯಂ ಸಿರಪ್ ಕೊಡುತ್ತಿದ್ದೇವೆ, ಸಾಕೇ?

ಉತ್ತರ: ನಮಸ್ಕಾರ. ತಿಂಗಳಿಗೇ ಕೊಡಬೇಡಿ. ಮೂರೂವರೆ ವಾರದ ಮರಿಗೆ ಹಾಲುಹಲ್ಲುಗಳು ಈಗಷ್ಟೇ ಒಸಡಿನಿಂದ ಹೊರಬರುತ್ತಿರುತ್ತವೆ. ಅದು ತಟ್ಟೆ ನೆಕ್ಕುವುದನ್ನು ಸ್ವಂತವಾಗಿ ಊಟ ಮಾಡಬಲ್ಲದು ಎಂಬುದರ ಲಕ್ಷಣವೆಂದು ತಿಳಿಯಬಾರದು. ಐದರಿಂದ ಎಂಟನೆಯ ವಾರದವರೆಗಿನ ಅವಧಿಯಲ್ಲಿ ಮರಿಗಳು ಒಡಹುಟ್ಟಿದವುಗಳೊಡನೆ ಕಚ್ಚಾಡುತ್ತಲೇ, ಎಷ್ಟು ಗಟ್ಟಿಯಾಗಿ ಕಚ್ಚಿದರೆ ಎದುರಿನದು ಕಿರುಚಿ ಆಟ ಬಿಟ್ಟುಹೋಗುತ್ತದೆ ಎಂಬುದನ್ನು ಕಲಿಯುತ್ತವೆ. ಆ ಪಾಠವನ್ನು ಮನುಷ್ಯರು ಕಲಿಸಲು ಹೊರಟರೆ ತಿಂಗಳುಗಟ್ಟಲೆ ಹಿಡಿಯುತ್ತದೆ, ಕೈ ತುಂಬ ಗಾಯವೂ ಆಗುತ್ತದೆ. ನಾಯಿ ಸಾಕಣೆ ಮತ್ತು ಮಾರಾಟಕ್ಕೆ ಸಂಬಂಧಿಸಿದ ಕೇಂದ್ರ ಸರ್ಕಾರದ 2017ರ ನಿಯಮಗಳೂ ಎಂಟು ವಾರ ತುಂಬದ ಮರಿಯನ್ನು ಮಾರಬಾರದೆಂದು ಹೇಳುತ್ತವೆ. ನೀವು ಮಾರುತ್ತಿಲ್ಲ, ನಿಜ. ಆದರೆ ಮರಿಯ ದೇಹಕ್ಕೆ ಆ ವ್ಯತ್ಯಾಸ ಗೊತ್ತಿಲ್ಲ. ಎಂಟು ವಾರವನ್ನು ಕನಿಷ್ಠವೆಂದು ಇಟ್ಟುಕೊಳ್ಳಿ, ನಾಲ್ಕರಲ್ಲಿ ಅತಿ ಸಣ್ಣದಾದ ಮರಿಯನ್ನು ಹತ್ತು ವಾರದವರೆಗೆ ನಿಮ್ಮಲ್ಲೇ ಉಳಿಸಿಕೊಳ್ಳಿ.

ಅಡುಗೆಮನೆಯ ಡಿಜಿಟಲ್ ತಕ್ಕಡಿಯಿದ್ದರೆ ದಿನ ಬಿಟ್ಟು ದಿನ ಪ್ರತಿ ಮರಿಯನ್ನೂ ತೂಗಿ ಬರೆದಿಡಿ. ಕಾಯಿಲೆ ಕಣ್ಣಿಗೆ ಕಾಣುವ ಮೊದಲೇ ತೂಕ ಏರುವುದು ನಿಂತಿರುತ್ತದೆ, ಆದ್ದರಿಂದ ನಾನು ಮರಿ ಚುರುಕಾಗಿದೆ ಎಂಬ ಮಾತಿಗಿಂತ ಆ ಚೀಟಿಯನ್ನೇ ಹೆಚ್ಚು ನಂಬುತ್ತೇನೆ. ಜಂತುಹುಳುವಿನ ಔಷಧ ಇನ್ನೂ ಕೊಟ್ಟಿಲ್ಲವಾದರೆ ಈ ವಾರವೇ ತೂಕಕ್ಕೆ ಸರಿಯಾಗಿ ಕೊಡಿಸಿ, ಏಕೆಂದರೆ ದುಂಡುಹುಳುಗಳು ಹುಟ್ಟುವ ಮೊದಲೇ ತಾಯಿಯ ಗರ್ಭದಲ್ಲಿಯೂ, ಅನಂತರ ಹಾಲಿನ ಮೂಲಕವೂ ಮರಿಗೆ ದಾಟುತ್ತವೆ. ಎರಡನೆಯ ವಾರದಿಂದ ಮೂರು ತಿಂಗಳು ತುಂಬುವವರೆಗೆ ಎರಡು ವಾರಕ್ಕೊಮ್ಮೆ, ಅಲ್ಲಿಂದ ಆರು ತಿಂಗಳವರೆಗೆ ತಿಂಗಳಿಗೊಮ್ಮೆ ಕೊಡುವುದು ವಾಡಿಕೆ. ತಾಯಿಗೂ ಜೊತೆಯಲ್ಲೇ ಕೊಡಿಸಿ.

ಸಿರಪ್‌ನ ವಿಷಯದಲ್ಲಿ ಒಂದು ಎಚ್ಚರಿಕೆ. ಸಣ್ಣ ತಳಿಯ ತಾಯಿಗೆ ಹಾಲು ಹೆಚ್ಚಾಗಿ ಇಳಿಯುವ ದಿನಗಳಲ್ಲಿ, ಅಂದರೆ ಈಯ್ದ ಮೊದಲ ನಾಲ್ಕು ವಾರಗಳಲ್ಲಿ, ರಕ್ತದ ಕ್ಯಾಲ್ಸಿಯಂ ದಿಢೀರನೆ ಕುಸಿಯುವುದುಂಟು. ಗಬ್ಬದ ತಿಂಗಳುಗಳಲ್ಲೇ ಸಿರಪ್ ಕುಡಿಸುತ್ತ ಬಂದಿದ್ದರೆ, ಮೂಳೆಯಿಂದ ಕ್ಯಾಲ್ಸಿಯಂ ಎಳೆದು ರಕ್ತಕ್ಕೆ ಒದಗಿಸುವ ಗ್ರಂಥಿ ಸೋಮಾರಿಯಾಗಿ ಈ ಅಪಾಯ ಹೆಚ್ಚುತ್ತದೆ, ಕಡಿಮೆಯಾಗುವುದಿಲ್ಲ. ತಾಯಿ ವಿನಾಕಾರಣ ಏದುಸಿರು ಬಿಡುವುದು, ಚಡಪಡಿಸುವುದು, ಮೈ ನಡುಗುವುದು, ಕಾಲು ಸೆಟೆದುಕೊಂಡು ನಡೆಯುವುದು, ಇವುಗಳಲ್ಲಿ ಯಾವುದು ಕಂಡರೂ ಆಸ್ಪತ್ರೆಗೆ ಹೊರಡಬೇಕು. ಅಂಥ ಹೊತ್ತಿನಲ್ಲಿ ಸಿರಪ್‌ನಿಂದ ಪ್ರಯೋಜನವಿಲ್ಲ.

ಅದೇ ಸದಸ್ಯೆ (ಮೂರು ದಿನಗಳ ಅನಂತರ): ಡಾಕ್ಟರೇ, ನೀವು ಬರೆದಂತೆಯೇ ಆಯಿತು. ನಿನ್ನೆ ಸಂಜೆ ನಮ್ಮ ನಾಯಿ ನಿಲ್ಲಲಾಗದೆ ನಡುಗತೊಡಗಿತು. ಪಶು ಆಸ್ಪತ್ರೆಯಲ್ಲಿ ರಕ್ತನಾಳದ ಮೂಲಕ ನಿಧಾನವಾಗಿ ಕ್ಯಾಲ್ಸಿಯಂ ಏರಿಸಿದರು, ಈಗ ಊಟ ಮಾಡುತ್ತಿದೆ. ಒಂದು ದಿನ ಮರಿಗಳಿಗೆ ಹಾಲು ಕುಡಿಯಲು ಬಿಡಬೇಡಿ ಎಂದಿದ್ದಾರೆ. ಮುಂದೇನು ಮಾಡಬೇಕು? ಹೇಗೂ ಹಾಲು ಬಿಡಿಸುತ್ತಿದ್ದೇವಾದ್ದರಿಂದ ಮರಿಗಳನ್ನು ಕೊಟ್ಟುಬಿಡಬಹುದೇ?

ಉತ್ತರ: ಕಾಲಕ್ಕೆ ಸರಿಯಾಗಿ ಕರೆದೊಯ್ದಿದ್ದೀರಿ. ಇಂಥ ತಾಯಿಗೆ ಮತ್ತೆ ಅದೇ ತೊಂದರೆ ಮರುಕಳಿಸಬಹುದಾದ್ದರಿಂದ, ನಾಲ್ಕು ವಾರ ಸಮೀಪಿಸಿರುವ ಮರಿಗಳಿಗೆ ಇನ್ನು ಹಾಲು ಬಿಡಿಸಿಬಿಡುವುದೇ ಕ್ಷೇಮ. ತಾಯಿಗೆ ಈಗ ಎಷ್ಟು ಕ್ಯಾಲ್ಸಿಯಂ ಕೊಡಬೇಕೆಂಬುದನ್ನು ಚಿಕಿತ್ಸೆ ಮಾಡಿದ ವೈದ್ಯರೇ ಹೇಳಲಿ. ಆದರೆ ಹಾಲು ಬಿಡಿಸುವುದು ಬೇರೆ, ತಾಯಿಯಿಂದ ಅಗಲಿಸುವುದು ಬೇರೆ. ಮೊಲೆಗೆ ಬಾಯಿಡದಂತೆ ಊಟದ ಹೊತ್ತಿನಲ್ಲಿಯೂ ರಾತ್ರಿಯಲ್ಲಿಯೂ ಬೇರೆಯಾಗಿಡಿ, ಮರಿಗಳ ಹೊಟ್ಟೆ ತುಂಬಿದ ಮೇಲೆ ನಿಮ್ಮ ಕಣ್ಣೆದುರಿನಲ್ಲಿ ತಾಯಿಯೊಡನೆ ಆಡಲು ಬಿಡಿ. ಎಂಟು ವಾರದ ಗಡುವು ಹಾಗೆಯೇ ಉಳಿಯುತ್ತದೆ.

ಊಟಕ್ಕೆ ಹಸುವಿನ ಹಾಲನ್ನೇ ನೆಚ್ಚಬೇಡಿ. ನಾಯಿಯ ಹಾಲಿನಲ್ಲಿ ಹಸುವಿನ ಹಾಲಿಗಿಂತ ಎರಡು ಪಟ್ಟಿಗೂ ಮಿಕ್ಕಿ ಪ್ರೋಟೀನ್ ಮತ್ತು ಕೊಬ್ಬು ಇರುತ್ತವೆ, ಹಾಲಿನ ಸಕ್ಕರೆ ಮಾತ್ರ ಹಸುವಿನದರಲ್ಲಿ ಹೆಚ್ಚು. ಅದನ್ನು ಅರಗಿಸಲಾಗದೆ ಮರಿಗೆ ಭೇದಿ ಹತ್ತುತ್ತದೆ, ಹಸಿವೂ ಇಂಗುವುದಿಲ್ಲ. ನಾಯಿಮರಿಗಳಿಗೆಂದೇ ಬರುವ ಹಾಲಿನ ಪುಡಿ ದೊಡ್ಡ ಔಷಧದಂಗಡಿಗಳಲ್ಲಿ ಸಿಗುತ್ತದೆ. ಸಣ್ಣ ತಳಿಯ ಮರಿಗಳ ಒಣ ಆಹಾರವನ್ನು ಆ ಹಾಲಿನಲ್ಲೋ ಉಗುರುಬೆಚ್ಚನೆಯ ನೀರಿನಲ್ಲೋ ನೆನೆಸಿ, ಕಿವುಚಿ, ಗಂಜಿಯ ಹದಕ್ಕೆ ತಂದು ದಿನಕ್ಕೆ ಐದು ಬಾರಿ ಅಗಲವಾದ ತಟ್ಟೆಯಲ್ಲಿಡಿ. ವಾರ ಕಳೆದಂತೆ ನೀರು ಕಡಿಮೆ ಮಾಡುತ್ತ ಬನ್ನಿ. ಮೊದಲೆರಡು ದಿನ ಮರಿಗಳು ತಟ್ಟೆಯೊಳಗೇ ನಡೆದಾಡಿ ಮೈಗೆಲ್ಲ ಮೆತ್ತಿಕೊಳ್ಳುತ್ತವೆ, ಅದಕ್ಕೆ ಉಪಾಯವಿಲ್ಲ.

ಪ್ರಶ್ನೆ (ಬೆಂಗಳೂರಿನ ಸದಸ್ಯರು): ಸರ್, ಮೊನ್ನೆ ಒಂದು ಶಿಟ್ಜು ಮರಿ ತಂದೆವು. ಏಳು ವಾರ ಎಂದು ಮಾರಿದವರು ಹೇಳಿದರು, ತೂಕ 900 ಗ್ರಾಂ. ಹೊಸ ಜಾಗವೆಂದು ಹೆದರಿ ಸರಿಯಾಗಿ ತಿನ್ನುತ್ತಿಲ್ಲ. ಇಂದು ಬೆಳಗ್ಗೆ ಎದ್ದಾಗ ತೂರಾಡುತ್ತಿತ್ತು, ತಲೆ ಒಂದು ಕಡೆಗೆ ವಾಲುತ್ತಿತ್ತು. ಚಳಿಯಿರಬೇಕೆಂದು ಕಂಬಳಿ ಹೊದಿಸಿದ್ದೇವೆ. ಇನ್ನೇನು ಮಾಡಬೇಕು?

ಉತ್ತರ: ಇದನ್ನು ಓದಿದೊಡನೆ ಜೇನುತುಪ್ಪವನ್ನೋ, ಸ್ವಲ್ಪ ನೀರಿನಲ್ಲಿ ಕರಗಿಸಿದ ಗ್ಲೂಕೋಸ್ ಪುಡಿಯನ್ನೋ ಬೆರಳಿನಲ್ಲಿ ತೆಗೆದುಕೊಂಡು ಮರಿಯ ಒಸಡಿಗೂ ನಾಲಗೆಯ ಅಡಿಗೂ ಸವರಿ. ಒಟ್ಟು ಅರ್ಧ ಚಹಾ ಚಮಚದಷ್ಟು ಸಾಕು. ಮರಿಗೆ ಪ್ರಜ್ಞೆ ಮಂಕಾಗಿದ್ದರೆ ಬಾಯಿಗೆ ಏನನ್ನೂ ಸುರಿಯಬೇಡಿ, ಅದು ಶ್ವಾಸಕೋಶಕ್ಕೆ ಇಳಿಯುತ್ತದೆ. ಐದು ಹತ್ತು ನಿಮಿಷಗಳಲ್ಲಿ ಚೇತರಿಸಿಕೊಂಡು ನುಂಗುವಂತಾದರೆ ಕೂಡಲೇ ಮೆತ್ತಗಿನ ಊಟ ಕೊಡಿ, ಚೇತರಿಸಿಕೊಳ್ಳದಿದ್ದರೆ ಒಸಡಿಗೆ ಸವರುತ್ತಲೇ ಹೊರಡಿ. ಎರಡೂ ಸಂದರ್ಭಗಳಲ್ಲಿ ಇಂದೇ ವೈದ್ಯರಿಗೆ ತೋರಿಸಬೇಕು. ಮನೆಯಲ್ಲಿರುವ ಸಕ್ಕರೆರಹಿತ ಸಿಹಿಕಾರಕವನ್ನು ಮರೆತೂ ಬಳಸಬೇಡಿ. ಅವುಗಳಲ್ಲಿ ಕೆಲವಕ್ಕೆ ಹಾಕುವ ಜೈಲಿಟಾಲ್ ನಾಯಿಗಳ ರಕ್ತದ ಸಕ್ಕರೆಯನ್ನು ಇನ್ನಷ್ಟು ಕೆಳಗಿಳಿಸುವ ವಿಷ.

ನೀವು ವಿವರಿಸಿರುವುದು ಹೆಚ್ಚಾಗಿ ರಕ್ತದ ಸಕ್ಕರೆ ಕುಸಿದ ಸ್ಥಿತಿ. ಊಟವಿಲ್ಲದ ಹೊತ್ತಿನಲ್ಲಿ ನಮ್ಮ ಯಕೃತ್ತು ಕೂಡಿಟ್ಟ ಸಕ್ಕರೆಯನ್ನು ರಕ್ತಕ್ಕೆ ಬಿಡುತ್ತದೆ. ಒಂದು ಕಿಲೋ ಕೂಡ ತೂಗದ ಮರಿಯ ಯಕೃತ್ತಿನಲ್ಲಿ ಹಾಗೆ ಕೂಡಿಟ್ಟದ್ದು ಕೆಲವೇ ಗಂಟೆಗಳಿಗೆ ಸಾಕಾಗುವಷ್ಟು, ಮೈಯಲ್ಲಿ ಮಾಂಸಖಂಡವೂ ಕೊಬ್ಬೂ ಅಲ್ಪ, ಆದರೆ ಮೆದುಳು ಮಾತ್ರ ದೇಹದ ಅಳತೆಗೆ ದೊಡ್ಡದು ಮತ್ತು ಅದಕ್ಕೆ ಎಡೆಬಿಡದೆ ಸಕ್ಕರೆ ಬೇಕು. ಪ್ರಯಾಣದ ಆಯಾಸ, ಹೊಸ ಊಟ, ರಾತ್ರಿಯ ಉಪವಾಸ, ಹೊಟ್ಟೆಯಲ್ಲಿ ಹುಳು, ಚಳಿ, ಇವೆಲ್ಲ ಒಂದೇ ದಿನ ಕೂಡಿಬಂದರೆ ಬೆಳಗಾಗುವಷ್ಟರಲ್ಲಿ ಮರಿ ತೂರಾಡುತ್ತದೆ. ಉದಾಸೀನ ಮಾಡಿದರೆ ಸೆಳೆತ ಬಂದು ಸಾಯುತ್ತದೆ. ವೈದ್ಯರು ಸಕ್ಕರೆಯನ್ನು ಅಳೆದು ನೋಡಿ, ಪಾರ್ವೊ (ಮರಿಗಳಿಗೆ ವಾಂತಿ, ರಕ್ತಭೇದಿ ತರುವ ವೈರಾಣು ರೋಗ) ಮುಂತಾದ ಬೇರೆ ಕಾರಣಗಳಿಲ್ಲವೆಂದು ಖಚಿತಪಡಿಸಿಕೊಳ್ಳಬೇಕಾಗುತ್ತದೆ.

ಮುಂದಿನ ಎರಡು ವಾರ ಮೂರ್ನಾಲ್ಕು ಗಂಟೆಗೊಮ್ಮೆ ಸ್ವಲ್ಪ ಸ್ವಲ್ಪ ಊಟ ಕೊಡಿ, ರಾತ್ರಿ ಹನ್ನೊಂದಕ್ಕೆ ಕೊನೆಯದು, ಬೆಳಗ್ಗೆ ಎದ್ದೊಡನೆ ಮೊದಲನೆಯದು. ಮಾರಿದವರು ಏನನ್ನು ತಿನ್ನಿಸುತ್ತಿದ್ದರೋ ಅದನ್ನೇ ವಿಚಾರಿಸಿ ತಂದು ಮುಂದುವರಿಸಿ. ಒಳ್ಳೆಯದನ್ನು ಕೊಡಬೇಕೆಂಬ ಆಸೆಯಿಂದ ಮೊದಲ ದಿನವೇ ದುಬಾರಿ ಆಹಾರಕ್ಕೆ ಬದಲಿಸುವವರೇ ಹೆಚ್ಚು, ಮೊದಲ ವಾರ ನನ್ನ ಬಳಿ ಬರುವ ಭೇದಿಗಳಲ್ಲಿ ಬಹುಪಾಲು ಅದರದ್ದೇ ಫಲ. ಬದಲಿಸಲೇಬೇಕಿದ್ದರೆ ಮರಿ ನೆಲೆಗೊಂಡ ಮೇಲೆ, ಒಂದು ವಾರದ ಅವಧಿಯಲ್ಲಿ, ಹಳೆಯದನ್ನು ಕಡಿಮೆ ಮಾಡುತ್ತ ಹೊಸದನ್ನು ಸೇರಿಸುತ್ತ ಬನ್ನಿ. ನೆಂಟರು ಮರಿ ನೋಡಲು ಬರುವುದನ್ನೂ ಕೆಲವು ದಿನ ಮುಂದೂಡಿ. ಕೈಯಿಂದ ಕೈಗೆ ದಾಟುತ್ತ ಇಡೀ ಸಂಜೆ ನಿದ್ದೆಗೆಟ್ಟ ಮರಿ ಊಟವನ್ನೂ ಬಿಡುತ್ತದೆ.

ಪ್ರಶ್ನೆ (ಶಿರಸಿಯ ಸದಸ್ಯರು): ನಮ್ಮದು ಸಸ್ಯಾಹಾರಿ ಮನೆ. ಬರಲಿರುವ ಪಗ್ ಮರಿಗೆ ರಾಗಿ ಗಂಜಿ, ಹಾಲು ಅನ್ನ, ಮೊಸರು ಕೊಟ್ಟು ಬೆಳೆಸಬಹುದೇ? ಹಿಂದೆ ನಮ್ಮ ತೋಟದ ನಾಯಿಗಳು ಅದನ್ನೇ ತಿಂದು ಬದುಕಿದವು.

ಉತ್ತರ: ತೋಟದ ನಾಯಿಗಳು ನಿಮ್ಮ ಅನ್ನದ ಜೊತೆಗೆ ಇಲಿ, ಓತಿ ಮತ್ತು ಇನ್ನೂ ಏನೇನನ್ನೋ ತಾವೇ ಸಂಪಾದಿಸಿ ತಿಂದಿರುತ್ತವೆ, ಹಜಾರದಲ್ಲಿ ಬೆಳೆಯುವ ಪಗ್‌ಗೆ ಆ ಅನುಕೂಲವಿಲ್ಲ. ಬೆಳೆಯುವ ಮರಿಗೆ ತೂಕದ ಲೆಕ್ಕದಲ್ಲಿ ದೊಡ್ಡ ನಾಯಿಯ ಸುಮಾರು ಎರಡರಷ್ಟು ಶಕ್ತಿ ಬೇಕು, ಆದರೆ ಅದರ ಹೊಟ್ಟೆ ಪುಟ್ಟದು. ನೀರೇ ಹೆಚ್ಚಿರುವ ಗಂಜಿಯಿಂದ ಹೊಟ್ಟೆ ತುಂಬುತ್ತದೆಯೇ ಹೊರತು ಪೋಷಣೆ ಸಿಗುವುದಿಲ್ಲ. ಒಂದು ವರ್ಷ ತುಂಬುವವರೆಗಾದರೂ ಮರಿಗಳ ಬೆಳವಣಿಗೆಗೆ ಪರಿಪೂರ್ಣ ಎಂದು ಪೊಟ್ಟಣದ ಮೇಲೆ ನಮೂದಿಸಿರುವ ಆಹಾರವನ್ನೇ ಮುಖ್ಯವಾಗಿಸಿ. ಸಸ್ಯಾಹಾರದ ಪೊಟ್ಟಣಗಳೂ ಸಿಗುತ್ತವೆ, ಆದರೆ ಅವು ಮರಿಗಳಿಗೂ ತಕ್ಕವೇ ಎಂಬುದನ್ನು ಓದಿ ನೋಡಬೇಕು. ಬೇಯಿಸಿದ ಮೊಟ್ಟೆಗೆ ಮನೆಯಲ್ಲಿ ಒಪ್ಪಿಗೆಯಿದ್ದರೆ ಬಹಳ ಒಳ್ಳೆಯದು. ಒಂದೆರಡು ಚಮಚ ಮೊಸರನ್ನ ಕೊಟ್ಟರೆ ಯಾರೂ ಆಕ್ಷೇಪಿಸುವುದಿಲ್ಲ.

ಈರುಳ್ಳಿ, ಬೆಳ್ಳುಳ್ಳಿ ಬಿದ್ದ ಸಾರು, ಒಣದ್ರಾಕ್ಷಿಯಿರುವ ಪಾಯಸ, ಚಾಕೊಲೇಟ್ ಇವು ಯಾವ ನಾಯಿಗೂ ಆಗದು, ಪುಟ್ಟ ಮರಿಗಂತೂ ದೊಡ್ಡ ನಾಯಿ ತಡೆದುಕೊಳ್ಳುವಷ್ಟೇ ಪ್ರಮಾಣ ಪ್ರಾಣಕ್ಕೆ ಬರಬಹುದು. ಚಪ್ಪಟೆ ಮೂತಿಯ ಪಗ್ ಬೇಸಿಗೆಯ ಮಧ್ಯಾಹ್ನ ಸರಿಯಾಗಿ ಉಸಿರಾಡಲಾಗದೆ ಒದ್ದಾಡುತ್ತದೆ ಎಂಬುದೂ ನೆನಪಿರಲಿ. ಮಾರ್ಚಿನಿಂದ ಮೇವರೆಗೆ ಅದನ್ನು ಹೊತ್ತು ಪ್ರಯಾಣ ಮಾಡುವುದಿದ್ದರೆ ಬೆಳಗಿನ ಜಾವವೇ ಹೊರಡಿ.

ಪ್ರಶ್ನೆ (ಅರಸೀಕೆರೆಯ ಸದಸ್ಯರು): ಹಾಸನದಿಂದ ಮರಿ ತರುವವರು ನಾವೇ. ಲಸಿಕೆಗಳೆಲ್ಲ ಮುಗಿಯುವವರೆಗೆ ಹೊರಗೆ ಬಿಡಬಾರದು ಎನ್ನುತ್ತಾರೆ. ಹಾಗೆ ಕೂಡಿಹಾಕಿದರೆ ಮರಿ ಪುಕ್ಕಲಾಗುವುದಿಲ್ಲವೇ? ಉಣ್ಣೆ ಹತ್ತಿದರೆ ದನಗಳಿಗೆ ಬಳಸುವ ಔಷಧ ಹಾಕಬಹುದೇ?

ಉತ್ತರ: ನಿಮ್ಮ ಸಂದೇಹ ನ್ಯಾಯವಾದದ್ದು. ಮೂರನೆಯ ವಾರದಿಂದ ಸುಮಾರು ಹದಿನಾಲ್ಕನೆಯ ವಾರದವರೆಗೆ ಮರಿಯ ಮನಸ್ಸು ಹೊಸದನ್ನು ಹೆದರದೆ ಒಪ್ಪಿಕೊಳ್ಳುತ್ತದೆ, ಆಮೇಲೆ ಅಷ್ಟು ಸುಲಭವಾಗಿ ಒಪ್ಪುವುದಿಲ್ಲ. ಲಸಿಕೆಗಳಾದರೋ ಆರರಿಂದ ಎಂಟನೆಯ ವಾರದಲ್ಲಿ ಆರಂಭವಾಗಿ, ಮೂರು ನಾಲ್ಕು ವಾರಗಳ ಅಂತರದಲ್ಲಿ, ಹದಿನಾರು ವಾರ ತುಂಬುವವರೆಗೆ ಮುಂದುವರಿಯುತ್ತವೆ. ಹುಚ್ಚುನಾಯಿ ರೋಗದ ಲಸಿಕೆ ಮೂರು ತಿಂಗಳಿಗೆ. ಅಲ್ಲಿಯವರೆಗೆ ಬಾಗಿಲು ಮುಚ್ಚಿಟ್ಟರೆ ಧೈರ್ಯ ಕಲಿಯುವ ಕಾಲ ಕೈತಪ್ಪುತ್ತದೆ, ಬೀದಿಯಲ್ಲಿ ಬಿಟ್ಟರೆ ಪಾರ್ವೊ ತಗಲುತ್ತದೆ. ಆದ್ದರಿಂದ ಮರಿಯನ್ನು ಕಂಕುಳಲ್ಲೋ ಬುಟ್ಟಿಯಲ್ಲೋ ಹೊತ್ತು ಸಂತೆ, ಬಸ್ ನಿಲ್ದಾಣ, ಶಾಲೆ ಬಿಡುವ ಹೊತ್ತಿನ ಬೀದಿ ಇವನ್ನೆಲ್ಲ ತೋರಿಸಿ, ನೆಲಕ್ಕೆ ಮಾತ್ರ ಬಿಡಬೇಡಿ. ಎಲ್ಲ ಲಸಿಕೆಗಳಾದ ಪರಿಚಿತ ನಾಯಿಯಿದ್ದರೆ ಅದರ ಮನೆಯಲ್ಲಿ ಆಡಿಸಬಹುದು. ನಿಮ್ಮ ಮನೆಯಲ್ಲೇ ಹಿಂದೆ ಯಾವುದಾದರೂ ಮರಿ ರಕ್ತಭೇದಿಯಿಂದ ಸತ್ತಿದ್ದರೆ ತಿಳಿಸಿ, ಏಕೆಂದರೆ ಪಾರ್ವೊ ವೈರಾಣು ನೆಲದಲ್ಲಿ ತಿಂಗಳುಗಟ್ಟಲೆ ಬದುಕಿರುತ್ತದೆ, ಸಾಮಾನ್ಯ ಫಿನಾಯಿಲ್‌ಗೆ ಸಾಯುವುದಿಲ್ಲ. ನೆಲವನ್ನು ಚೆನ್ನಾಗಿ ತೊಳೆದ ಮೇಲೆ ಒಂದು ಪಾಲು ಬ್ಲೀಚ್ ದ್ರಾವಣಕ್ಕೆ ಮೂವತ್ತು ಪಾಲು ನೀರು ಬೆರೆಸಿ ಹತ್ತು ನಿಮಿಷ ನೆನೆಯಲು ಬಿಡಬೇಕಾಗುತ್ತದೆ.

ದನದ ಔಷಧ ಖಂಡಿತ ಬೇಡ. ಅದರ ಸಾಂದ್ರತೆ ನೂರಾರು ಕಿಲೋ ತೂಗುವ ಪ್ರಾಣಿಗೆ ಹೊಂದಿಸಿದ್ದು. ಮರಿಯ ವಯಸ್ಸನ್ನೂ ತೂಕವನ್ನೂ ಹೇಳಿ ವೈದ್ಯರಿಂದ ಬರೆಸಿಕೊಳ್ಳಿ, ಅಲ್ಲಿಯವರೆಗೆ ದಿನವೂ ಕಿವಿ, ಕುತ್ತಿಗೆ, ಬೆರಳ ಸಂದುಗಳನ್ನು ನೋಡಿ ಚಿಮುಟದಿಂದ ಉಣ್ಣೆಗಳನ್ನು ತೆಗೆಯಿರಿ. ಅಡ್ಡಾಡಿಸುವ ವಯಸ್ಸು ಬಂದಾಗ ಕುತ್ತಿಗೆಯ ಪಟ್ಟಿಗೆ ಹಗ್ಗ ಕಟ್ಟಬೇಡಿ. ಸಣ್ಣ ತಳಿಗಳ ಶ್ವಾಸನಾಳ ಮೆದು, ಎದೆಯನ್ನು ಸುತ್ತುವ ಪಟ್ಟಿಯನ್ನೇ ಬಳಸಿ.

ಪ್ರಶ್ನೆ (ಬೆಂಗಳೂರಿನ ಸದಸ್ಯರು): ಸರ್, ಬಹಳ ಉಪಕಾರವಾಯಿತು. ಸಕ್ಕರೆ ಕಡಿಮೆಯಿತ್ತು, ಈಗ ಮರಿ ಚೆನ್ನಾಗಿ ತಿನ್ನುತ್ತಿದೆ. ಆದರೆ ರಾತ್ರಿಯಿಡೀ ಕುಂಯ್‌ಗುಟ್ಟುತ್ತದೆ. ಎತ್ತಿಕೊಂಡರೆ ಅದೇ ಅಭ್ಯಾಸವಾಗುತ್ತದೆ ಎಂದು ಬಾಲ್ಕನಿಯಲ್ಲಿ ಮಲಗಿಸುತ್ತಿದ್ದೇವೆ.

ಉತ್ತರ: ಸಂತೋಷ. ಬಾಲ್ಕನಿಯಿಂದ ಒಳಗೆ ತನ್ನಿ. ಹುಟ್ಟಿದಂದಿನಿಂದ ಮೈಗೆ ಮೈ ಹಚ್ಚಿ ಮಲಗಿದ ಪ್ರಾಣಿ ಒಂಟಿಯಾದಾಗ ಕೂಗುವುದು ಹಟವಲ್ಲ. ನಿಮ್ಮ ಮಂಚದ ಪಕ್ಕದಲ್ಲೇ ರಟ್ಟಿನ ಪೆಟ್ಟಿಗೆಯಿಟ್ಟು, ಬಿಸಿನೀರಿನ ಬಾಟಲಿಯನ್ನು ದಪ್ಪ ಬಟ್ಟೆಯಲ್ಲಿ ಸುತ್ತಿ ಒಂದು ಮೂಲೆಯಲ್ಲಿಡಿ, ಸೆಕೆಯಾದರೆ ದೂರ ಸರಿಯಲು ಮರಿಗೆ ಜಾಗವಿರಲಿ. ಕೂಗಿದಾಗ ಕೈ ಇಳಿಬಿಟ್ಟು ಮುಟ್ಟಿದರೆ ಸಾಕು. ಎರಡು ತಿಂಗಳ ಮರಿ ಮೂರು ಗಂಟೆಗಿಂತ ಹೆಚ್ಚು ಮೂತ್ರ ತಡೆಯಲಾರದು, ಆದ್ದರಿಂದ ನಡುರಾತ್ರಿ ಒಮ್ಮೆ ಎಬ್ಬಿಸಿ ಗೊತ್ತಾದ ಜಾಗಕ್ಕೆ ಒಯ್ಯಿರಿ, ಮಾತಾಡಿಸದೆ ಮರಳಿ ಮಲಗಿಸಿ.

ಪ್ರಶ್ನೆ (ಹಾಸನದ ಸದಸ್ಯೆ): ಕೊನೆಯದಾಗಿ, ಮರಿಗಳು ಹೋದ ಮೇಲೆ ತಾಯಿ ಹುಡುಕಾಡುವುದಿಲ್ಲವೇ? ನಾಲ್ಕನ್ನೂ ಒಂದೇ ದಿನ ಕಳಿಸಲೇ? ನಾದಿನಿ ಎರಡನ್ನೂ ಒಟ್ಟಿಗೆ ಒಯ್ಯುತ್ತೇನೆ ಎನ್ನುತ್ತಾಳೆ.

ಉತ್ತರ: ಎರಡು ಮೂರು ದಿನ ಹುಡುಕುತ್ತದೆ, ಕ್ರಮೇಣ ಮರೆಯುತ್ತದೆ. ಒಂದೊಂದನ್ನಾಗಿ, ನಡುವೆ ನಾಲ್ಕಾರು ದಿನ ಬಿಟ್ಟು ಕಳಿಸಿ. ಒಂದೇ ಮನೆಗೆ ಎರಡು ಒಡಹುಟ್ಟುಗಳು ಹೋದರೆ ಒಂದನ್ನೊಂದು ನೆಚ್ಚಿಕೊಂಡು ಮನೆಯವರ ಮಾತಿಗೆ ಕಿವಿಗೊಡುವುದು ತಡವಾಗುತ್ತದೆ. ಇಬ್ಬರನ್ನೂ ಬೇರೆ ಬೇರೆಯಾಗಿ ಅಡ್ಡಾಡಿಸಿ, ಬೇರೆ ತಟ್ಟೆಯಲ್ಲಿ ಉಣ್ಣಿಸುವಷ್ಟು ಬಿಡುವು ನಾದಿನಿಯವರಿಗಿದೆಯೇ ಎಂದು ಮೊದಲೇ ಕೇಳಿ, ಇಲ್ಲವೆಂದಾದರೆ ಒಂದನ್ನೇ ಕೊಡಿ. ಪ್ರತಿ ಮರಿಯೊಡನೆ ತಾಯಿ ಮಲಗಿದ ಬಟ್ಟೆಯ ತುಂಡು, ವಾರಕ್ಕಾಗುವಷ್ಟು ಈಗಿನ ಆಹಾರ, ಲಸಿಕೆಯ ಪುಸ್ತಕ, ಜಂತುಹುಳುವಿನ ಔಷಧದ ದಿನಾಂಕಗಳು ಮತ್ತು ನೀವು ಬರೆದಿಟ್ಟ ತೂಕದ ಚೀಟಿ ಹೋಗಲಿ. ಸಾಕಲಾಗದಿದ್ದರೆ ಬೇರೆಯವರಿಗೆ ದಾಟಿಸದೆ ನಿಮಗೇ ಮರಳಿಸಬೇಕೆಂಬ ಮಾತನ್ನೂ ಈಗಲೇ ಆಡಿಕೊಳ್ಳಿ.

ಈ ತಾಯಿಗೆ ಮತ್ತೊಂದು ಬಾಣಂತನ ಬೇಡ ಎಂಬುದು ನನ್ನ ಸಲಹೆ. ಒಮ್ಮೆ ಕ್ಯಾಲ್ಸಿಯಂ ಕುಸಿದ ನಾಯಿಗೆ ಮುಂದಿನ ಬಾರಿಯೂ ಹಾಗಾಗುವ ಸಂಭವ ಹೆಚ್ಚು. ಹಾಲು ಪೂರ್ತಿ ಬತ್ತಿದ ಮೇಲೆ, ಮುಂದಿನ ಬೆದೆ ಬರುವ ಮೊದಲು, ಸಂತಾನಹರಣ ಶಸ್ತ್ರಚಿಕಿತ್ಸೆಗೆ ದಿನ ಗೊತ್ತುಮಾಡಿಕೊಳ್ಳಿ. ಅಲ್ಲಿಯವರೆಗೆ ಬೀದಿಗೆ ಬಿಡಬೇಡಿ.