ಉತ್ತರ ಕುಮಾರ ನಡುಗುವಾಗ ಸಭೆ ನಗುತ್ತಿಲ್ಲ, ಮಾಡಿಸಿ ಅನುಭವ ಇದ್ದವರು ಹೇಳಿ

ಕೇಳಿದವರು: ರಾಜ್ಯೋತ್ಸವಕ್ಕೆ 25 ನಿಮಿಷದ ‘ಉತ್ತರನ ಪೌರುಷ’ ಮಾಡಿಸ್ತಿದ್ದೀವಿ. ಅಂತಃಪುರದಲ್ಲಿ ಕೊಚ್ಚಿಕೊಳ್ಳೋ ಭಾಗಕ್ಕೆ ಒಳ್ಳೇ ನಗು. ಕೌರವ ಸೇನೆ ಕಂಡು ರಥದಿಂದ ಹಾರಿ ಓಡೋ ಕಡೆ ಎಲ್ಲರೂ ಗಪ್‌ಚುಪ್. ಸಣ್ಣ ಮಕ್ಕಳು ಹೆದರಿದ್ರು ಕೂಡ. ಎಲ್ಲಿ ತಪ್ಪುತ್ತಿದೆ?

ಬೆಳಕು_ಧ್ವನಿ: ಮೊದಲು ರಥದ ಎತ್ತರ ಅಳೀರಿ. ಮೂರಡಿ ಮೇಲಿಂದ ಕಚ್ಚೆ ಕಟ್ಟಿದ ನಟ ಹಾರಿದ್ರೆ ಸಭೆ ಹೆದರೋದು ಉತ್ತರನಿಗಾಗಿ ಅಲ್ಲ, ಆ ಹುಡುಗನ ಕಾಲಿಗಾಗಿ. ಹಲಗೆ ಕಿರ್ ಅಂದ್ರೂ ಸಾಕು, ನಗು ಸತ್ತಿತು. ಒಂದೂವರೆ ಅಡಿಗೆ ಇಳಿಸಿ. 18 ಎಂಎಂ ಪ್ಲೈವುಡ್, ಅದರ ಕೆಳಗೆ ಎರಡಡಿಗೊಂದು ಅಡ್ಡಪಟ್ಟಿ, ಬ್ರೇಕ್ ಇರೋ ಗಾಲಿ. ಬ್ರೇಕ್ ಇಲ್ಲದಿದ್ರೆ ಹಾರೋ ಹೊತ್ತಿಗೆ ರಥ ಹಿಂದಕ್ಕೆ ಜಾರುತ್ತೆ. ದುಡ್ಡು ಉಳಿಸೋಕೆ ತೆಳು ಪ್ಲೈವುಡ್ ಹಾಕಿದ್ರೆ ಮೂರನೇ ರಿಹರ್ಸಲ್‌ಗೆ ಬಾಗುತ್ತೆ. ಆಮೇಲೆ ಹೊಸ ಹಲಗೆ, ಮತ್ತೆ ಬಣ್ಣ, ಮತ್ತೆ ಬಡಗಿ ಕೂಲಿ.

ಎರಡನೇದು ಶಂಖ. ಸ್ಪೀಕರ್ ಸಭೆಯ ಹಿಂದಿದ್ರೆ ಸದ್ದು ಕೂತವರ ಬೆನ್ನಿಗೆ ಬೀಳುತ್ತೆ, ಮಕ್ಕಳು ಬೆಚ್ಚೋದು ಅದಕ್ಕೇ. ವೇದಿಕೆ ಪಕ್ಕಕ್ಕೆ ತನ್ನಿ, ಆಗ ಬೆಚ್ಚೋನು ಉತ್ತರ. ಶಂಖ ನಿಂತ ಮೇಲೆ ಎರಡು ಸೆಕೆಂಡ್ ಪೂರ್ತಿ ಮೌನ, ಆಮೇಲೆ ಅವನ ಸಣ್ಣ ದನಿ. ನಗು ಬರೋದು ಆ ದನಿಗೆ.

ಚೌಕಿಮನೆ: ರಥ, ಸ್ಪೀಕರು ಎಲ್ಲ ಯಾಕೆ ಮಾರಾಯ್ರೆ? ನಮ್ಮ ಯಕ್ಷಗಾನದ ತಾಳಮದ್ದಳೆಯಲ್ಲಿ ವೇಷವೂ ಇಲ್ಲ, ರಥವೂ ಇಲ್ಲ, ಕೂತಲ್ಲಿಂದಲೇ ಉತ್ತರ ನಗಿಸ್ತಾನೆ. ಗುಟ್ಟು ಇರುವುದು ಬೃಹನ್ನಳೆಯಲ್ಲಿ. ಅದು ಅರ್ಜುನ ಅಂತ ಸಭೆಗೆ ಗೊತ್ತುಂಟು, ಉತ್ತರನಿಗೆ ಗೊತ್ತಿಲ್ಲ. ಸಭೆಯ ಧೈರ್ಯವೆಲ್ಲ ಅಲ್ಲಿಂದ ಬರುವುದು. ಬೃಹನ್ನಳೆಯೂ ಗಡಿಬಿಡಿ ಮಾಡಿದರೆ ಆತುಕೊಳ್ಳಲಿಕ್ಕೆ ಗೂಟವೇ ಇಲ್ಲದ ಹಾಗೆ ಆಗ್ತದೆ. ಉತ್ತರ ಎಷ್ಟು ಏರುದನಿಗೆ ಹೋಗ್ತಾನೋ ಬೃಹನ್ನಳೆ ಅಷ್ಟೇ ತಣ್ಣಗೆ ಇರಬೇಕು. ಚಂಡೆಯೂ ಬೇಡ, ಮದ್ದಳೆ ಸಾಕು. ಚಂಡೆ ಬಿದ್ದರೆ ಯುದ್ಧ ನಿಜ ಆಗಿಬಿಡ್ತದೆ.

ಧಾರವಾಡದಾಂವ: ಅಂಜಿಕಿ ಲೆಕ್ಕಕ್ಕ ಇಳೀಬೇಕ್ರಿ, ಆವಾಗ ನಗಿ. ವ್ಯಾಸಭಾರತದಾಗ ಸಿಕ್ಕಿಬಿದ್ದ ಉತ್ತರ ಏನಂತಾನ? ನನ್ನ ಬಿಡು, ನೂರು ಬಂಗಾರದ ನಿಷ್ಕ ಕೊಡ್ತೀನಿ, ಎಂಟು ವೈಡೂರ್ಯ, ಒಂದು ರಥ, ಹತ್ತು ಮದ್ದಾನಿ. ಜೀವದ ಅಂಜಿಕಿ ಸಂತಿ ಚೌಕಾಶಿ ಆಗಿಬಿಡ್ತದ. ಒಂದು ಹೇಳಿ ಬೃಹನ್ನಳೆ ಮಾರಿ ನೋಡಬೇಕು, ಜವಾಬು ಬರಂಗಿಲ್ಲ, ಮತ್ತೊಂದು ಏರಿಸಬೇಕು. ನಗಿ ಏರೂಮುಂದ ಮುಂದಿನ ಮಾತು ಹಾಕಬ್ಯಾಡ್ರಿ, ಪೂರಾ ಆರೂತನಕಾನೂ ಕಾಯಬ್ಯಾಡ್ರಿ. ಇಳಿಯಾಕ ಹತ್ತಿದಾಗ ಆನಿ ತರ್ರಿ. ಇನ್ನೊಂದು, ಬೃಹನ್ನಳೆ ಉದ್ದ ಜಡಿ, ಕೆಂಪು ಅರಿವಿ ಹಾರಿಸ್ಕೋತ ನೂರು ಹೆಜ್ಜಿ ಬೆನ್ನಟ್ಟೂದು ನೋಡಿ ಕೌರವ ಸೈನಿಕರ ನಗ್ತಾರ ಅಂತ ಅದ. ಮೂಲ್ಯಾಗ ಇಬ್ಬರು ಸೈನಿಕರನ್ನ ನಿಲ್ಲಿಸಿ ನಗಿಸ್ರಿ.

ಬೆಳಕು_ಧ್ವನಿ: ಅದನ್ನ ಮಾಡಬೇಡಿ! ವೇದಿಕೆ ಮೇಲೆ ಇಬ್ಬರು ನಕ್ಕರೆ ಉತ್ತರ ಒಂಟಿಯಾಗ್ತಾನೆ, ಕರುಣೆ ಹುಟ್ಟುತ್ತೆ.

ಧಾರವಾಡದಾಂವ: ಪೂರಾ ಓದ್ರಿ. ನಗೂದು ಬೃಹನ್ನಳೆ ಓಟಕ್ಕ, ಉತ್ತರನ ಅಂಜಿಕೀಗೆ ಅಲ್ಲ.

ರಸಾಸಕ್ತ: ಸಭೆ ನಗದೇ ಇದ್ದದ್ದು ತಪ್ಪೇ ಅಲ್ಲ. ಶೃಂಗಾರದಿಂದ ಹಾಸ್ಯ, ಬೀಭತ್ಸದಿಂದ ಭಯಾನಕ ಹುಟ್ಟುತ್ತದೆ ಎಂದು ನಾಟ್ಯಶಾಸ್ತ್ರದಲ್ಲಿ ಭರತ ಹೇಳಿದ್ದಾನೆ. ಅಂತಃಪುರದಲ್ಲಿ ಹೆಣ್ಣುಮಕ್ಕಳ ಮುಂದೆ ಕೊಚ್ಚಿಕೊಳ್ಳುವುದು ಶೃಂಗಾರದ ಅನುಕರಣೆ, ಅಲ್ಲಿ ನಗು ಸಹಜ. ರಣರಂಗದಲ್ಲಿ ನಗು ಬಯಸುವುದೇ ರಸಭಂಗ.

ಚೌಕಿಮನೆ: ಆ ಗ್ರಂಥಕ್ಕೆ ವ್ಯಾಖ್ಯಾನ ಬರೆದ ಅಭಿನವಗುಪ್ತನನ್ನು ಯಾಕೆ ಬಿಟ್ಟಿರಿ? ಯಾವ ರಸದ ಆಭಾಸವೂ, ಅಂದರೆ ಸಲ್ಲದ ಕಡೆ ಬಂದ ಅದರ ಹುಸಿ ತೋರಿಕೆಯೂ, ಹಾಸ್ಯ ಆಗಬಹುದು ಅಂತಾನೆ ಅವನು. ಭೀಷ್ಮ ದ್ರೋಣರನ್ನು ಗೆದ್ದು ಬರ್ತೇನೆ ಅಂತ ಹೊರಟವನ ಭಯ ಆಭಾಸ ಅಲ್ಲದೆ ಮತ್ತೇನು? ‘ಉತ್ತರನ ಪೌರುಷ ಒಲೆ ಮುಂದೆ’ ಅನ್ನುವ ಗಾದೆ ಜನರ ಬಾಯಲ್ಲಿ ಉಳಿದದ್ದು ಯಾಕೆ?

ರಸಾಸಕ್ತ: ಹಾಗಾದರೆ ಕೊಚ್ಚಿಕೊಳ್ಳುವಾಗ ಅವನು ತನ್ನ ಮಾತನ್ನು ನಂಬಿರಬೇಕು. ನಿಮ್ಮ ಕಡೆ ಮೊದಲ ಪದ್ಯದಿಂದಲೇ ಕೋಡಂಗಿ ಮಾಡಿಬಿಡುತ್ತಾರೆ. ಅಂಥವನಿಗೆ ಬೀಳಲು ಎತ್ತರವೇ ಇರುವುದಿಲ್ಲ.

ಚೌಕಿಮನೆ: ಎಲ್ಲರನ್ನೂ ಒಂದೇ ತಕ್ಕಡಿಗೆ ಹಾಕಬೇಡಿ. ಕಾಲಮಿತಿಗೆ ಪ್ರಸಂಗ ಕತ್ತರಿಸುವಾಗ ಪೀಠಿಕೆ ಮೊದಲು ಹೋಗ್ತದೆ. ಅದು ವೇಷಧಾರಿಯ ತಪ್ಪಲ್ಲ. ಇಡೀ ರಾತ್ರಿ ಕೂತು ನೋಡುವವರು ಎಷ್ಟು ಜನ ಉಳಿದಿದ್ದಾರೆ, ಅದನ್ನು ಹೇಳಿ.

ಕೇಳಿದವರು: ಸ್ಪೀಕರ್ ಮುಂದಕ್ಕೆ ತಂದ್ವಿ, ಧನ್ಯವಾದ. ವೈಡೂರ್ಯ ಅಂದ್ರೆ ಮಕ್ಕಳಿಗೆ ಗೊತ್ತಾಗುತ್ತಾ?

ಧಾರವಾಡದಾಂವ: ಎಂಟು ಅನ್ನೂದು ಗೊತ್ತಾದ್ರ ಸಾಕ್ರಿ. ನಡುಗೂ ಕೈಯಾಗ ಬೆರಳು ಮಡಚಿ ಎಣಿಸ್ರಿ, ಆರಕ್ಕ ತಪ್ಪಿ ಮತ್ತ ಒಂದರಿಂದ ಶುರು ಮಾಡ್ರಿ.